ಗಳ ಊರಿದ ಕೈ

ದೇವೀಂದ್ರಪ್ಪ ದೋಣಿಯ ಮೂತಿಯಲ್ಲಿ ನಿಂತು ಗಳವನ್ನು ಮತ್ತೊಮ್ಮೆ ಕೆರೆಯ ತಳಕ್ಕೆ ಕುಕ್ಕಿದ. ನಿಂತಂತೆ ಕಂಡ ಬಿದಿರು ಗಾಳಿ ಬೀಸಿದ್ದೇ ತಡ ವಾಲಿತು. ಅದಕ್ಕೆ ಬಿಗಿದಿದ್ದ ದೋಣಿ ಅವನನ್ನೂ ಹೊತ್ತುಕೊಂಡು ಜೊಂಡಿನ ಕಡೆಗೆ ಜಾರಿತು. ದಂಡೆಯ ಮೇಲಿದ್ದವರು ಬೇರೆ ಕಡೆ ನೋಡಿದರು. ನಗುವ ಹೊತ್ತಲ್ಲ ಅದು.

ಅವನ ಅಣ್ಣ ದೌಲಪ್ಪನ ಹೆಣ ಆಗಲೇ ದಂಡೆಯಲ್ಲಿ ಸಿದಗಿಯ ಚಟ್ಟ ಏರಿತ್ತು. ಕಮಲಾಪುರದ ಆ ಕೆರೆಯಲ್ಲಿ ಮೀನು ಹಿಡಿಯುವವರದೊಂದು ಕಟ್ಟಳೆ: ಸತ್ತವನ ದೋಣಿಯನ್ನು ಅವನದೇ ಗಳ ಊರಿ ಒಮ್ಮೆ ನಿಲ್ಲಿಸಬೇಕು. ದೋಣಿ ನಿಲ್ಲದೆ ಹೆಣ ಎತ್ತುವಂತಿಲ್ಲ. ಊರಬೇಕಾದವರು ಹೊಟ್ಟೆಯಲ್ಲಿ ಹುಟ್ಟಿದವರು. ದೌಲಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ಕಲಬುರಗಿಗೆ ಕೊಟ್ಟ ಶಿವಕಾಂತಮ್ಮ. ಅವಳು "ನನಗ ಬರಂಗಿಲ್ಲ" ಎಂದುಬಿಟ್ಟಿದ್ದಳು. ಹೊಲಗೆಲಸಕ್ಕೆ ಬಿದ್ದು ನೀರನ್ನೇ ಮರೆತಿದ್ದ ದೇವೀಂದ್ರಪ್ಪನ ತಲೆಗೆ ಅದು ಬಂದದ್ದು ಹಾಗೆ.

ಆ ಮಾತು ಹೇಳುವಾಗ ಶಿವಕಾಂತಮ್ಮ ನೋಡಿದ್ದು ಚಿಕ್ಕಪ್ಪನ ಮುಖವನ್ನಲ್ಲ, ಪಕ್ಕದಲ್ಲಿ ಕೂತಿದ್ದ ಅತ್ತೆ ಸೂಗಮ್ಮನ ಮುಖವನ್ನು. ಅಪ್ಪನ ಜೊತೆ ಜೀವಮಾನವೆಲ್ಲ ಒಂದೇ ದೋಣಿಯಲ್ಲಿ ಬಲೆ ಬೀಸಿದ ಕರೀಂಸಾಬ್ ಅಲ್ಲೇ ಇದ್ದ. ಹುಡುಗಿಯಾಗಿದ್ದಾಗ ಲಂಗ ಎತ್ತಿ ಕಟ್ಟಿಕೊಂಡು ಅವಳು ಗಳ ಊರುತ್ತಿದ್ದುದನ್ನು ಕಣ್ಣಾರೆ ಕಂಡವನು.

"ಬರಂಗಿಲ್ಲಂದ್ರ ಬಿಡ್ರಿ, ಪಾಪ," ಎಂದಷ್ಟೇ ಅಂದ.

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

*

ಹೆಣ್ಣು ನೋಡಲು ಬಂದ ದಿನ ಸೂಗಮ್ಮ ಹುಡುಗಿಯ ಅಂಗೈಯನ್ನು ಬೆಳಕಿಗೆ ಹಿಡಿದಿದ್ದಳು. ಜಾತಿ ಒಂದೇ ಆದರೂ ಅವರು ಬಲೆ ಬಿಟ್ಟು ಎರಡು ತಲೆಮಾರು ಆಗಿತ್ತು. ಮಗ ನಿಜಾಮ ಸರಕಾರದ ಕಚೇರಿಯಲ್ಲಿ ಚಪರಾಸಿ. ಅವನ ಸೊಂಟದ ಹಿತ್ತಾಳೆ ಬಿಲ್ಲೆಗಿಂತ ತಾಯಿಯ ಮುಖವೇ ಹೆಚ್ಚು ಹೊಳೆಯುತ್ತಿತ್ತು.

"ಕೈಯಾಗ ಇವೇನ್ರಿ, ದಡ್ಡು? ನೀರಾಗ ಇಳಿಯೋ ಹೆಣ್ಣು ನಮಗ ಬ್ಯಾಡ."

"ಬೀಸೋ ಕಲ್ಲಿನವು ರೀ," ಎಂದ ದೌಲಪ್ಪ. "ನನ್ನ ಮಗಳು ಕೆರಿಗೆ ಕಾಲಿಟ್ಟಾಕಿ ಅಲ್ಲ."

ಎಂದೂ ಸುಳ್ಳು ಆಡದ ಮನುಷ್ಯ. ಅವಳ ಬೆನ್ನ ಹಿಂದೆ ನಿಂತು, ಅವಳ ಕೈ ಮೇಲೆ ತನ್ನ ಕೈ ಇಟ್ಟು ಕಲಿಸಿದವನೇ ಅವನು: "ಗಳಕ್ಕ ಬಲ ಹಾಕಬ್ಯಾಡ ಯವ್ವಾ. ಗಾಳಿಗೆ ಎದುರು ಓರೆ ಹಿಡಿ, ತಿರುವು. ಕೆಸರು ತಾನೇ ಹಿಡಕೊಂತದ."

ಮದುವೆಯಾದ ಮೇಲೆ ಅಪ್ಪ ಕಲಬುರಗಿಯ ಶಹಾಬಜಾರದಲ್ಲಿದ್ದ ಅವಳ ಮನೆಯ ಕಡೆ ಬಂದದ್ದು ಒಂದೇ ಸಲ. ಹೆಗಲ ಮೇಲೆ ಹೊಸ ಬಿದಿರು ಗಳ. ಓಣಿಯ ತಿರುವಿನಲ್ಲಿ ಅದು ಆ ಕಡೆಗೂ ಹೋಗದೆ ಈ ಕಡೆಗೂ ಹೋಗದೆ ಸಿಕ್ಕಿಕೊಂಡಿತ್ತು.

"ಅರೇ ಚಾಚಾ, ಗಲ್ಲಿನೇ ಮುರೀತಿ ಏನು?" ಎಂದು ಯಾರೋ ಕೂಗಿದರು. ಕಟ್ಟೆಯ ಮೇಲಿನ ಹೆಂಗಸರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಶಿವಕಾಂತಮ್ಮನ ಕಡೆಗೆ ಅಪ್ಪ ಮುಖ ಎತ್ತಿದ. ಅವಳು ಒಳಗೆ ಸರಿದು ಬಾಗಿಲು ಹಾಕಿ ಚಿಲಕ ಇಕ್ಕಿದಳು.

ಹೊರಗೆ ಒಂದು ಕೆಮ್ಮು ಕೇಳಿತು. ಆಮೇಲೆ ಬಿದಿರು ಗೋಡೆಗೆ ತಾಕುತ್ತ ದೂರವಾದ ಸದ್ದು.

*

"ಸಾವಕಾಶ, ದೇವೀಂದ್ರಪ್ಪ," ಎಂದು ಕರೀಂಸಾಬ್ ಕೂಗಿದ. "ಆ ಗಳಾ ಅಂದ್ರ ಅವಗ ಜೀವ ಇತ್ತು." ಮತ್ತೆ ಸೂಗಮ್ಮನ ಕಡೆ ತಿರುಗಿ, ಹೆಣದ ಮುಂದೆ ಕೂತು ಏನಾದರೂ ಆಡಬೇಕಲ್ಲ ಎಂಬಂತೆ ಹೇಳಿದ: "ನಿಮ್ಮ ಶಹಾಬಜಾರದಾಗೇ ತಗೊಂಡಿದ್ದ ರೀ. 'ಮಗಳ ಮನಿ ತನಕ ಹೋಗಿದ್ದೆ ಭಾಯಿ, ಬಾಗಿಲ ಹಾಕಿತ್ತು. ಪಾಪ, ಮನ್ಯಾಗ ಯಾರೂ ಇದ್ದಿಲ್ಲ ಕಾಣ್ತದ' ಅಂದ."

ಶಿವಕಾಂತಮ್ಮನಿಗೆ ಗೊತ್ತಿತ್ತು: ಚಿಲಕದ ಸದ್ದು ಅಪ್ಪನಿಗೆ ಕೇಳದೆ ಇರಲಿಲ್ಲ. ಗೆಳೆಯನ ಮುಂದೆಯೂ ಮಗಳ ಮಾನ ಕಾದಿದ್ದ. ನಾಚಿಕೆಯಲ್ಲಿ ಅವಳಿಗೆ ಹೆಣದ ಮುಖ ನೋಡಲಾಗಲಿಲ್ಲ. ಎದ್ದು ಸೆರಗು ಬಿಗಿದು ನಡೆದಳು.

"ಎಲ್ಲಿಗೆ ಹೊಂಟಿ?" ಎಂದಳು ಸೂಗಮ್ಮ.

"ಗಳಾ ಊರಾಕ, ಅತ್ತಿ."

"ಬರಂಗಿಲ್ಲ ಅಂದಿದ್ದಿ."

"ಸುಳ್ಳು ಹೇಳಿದ್ದೆ ರೀ. ನೀವು ಕೈ ನೋಡಿದ ದಿನ ನಮ್ಮಪ್ಪನೂ ನನ್ನ ಸಲುವಾಗಿ ಹೇಳಿದ್ದ."



ಸೊಂಟದುದ್ದ ನೀರಿಗೆ ಇಳಿದು ಶಿವಕಾಂತಮ್ಮ ಚಿಕ್ಕಪ್ಪನ ಕೈಯಿಂದ ಗಳ ಇಸಿದುಕೊಂಡಳು. ಅಪ್ಪ ಹಿಡಿದು ಹಿಡಿದು ಬಿದಿರು ನುಣುಪಾಗಿದ್ದ ಕಡೆ ಅವಳ ಕೈ ತಾನೇ ಹೋಗಿ ಕೂತಿತು. ಗಾಳಿಗೆ ಎದುರಾಗಿ ಓರೆ ಹಿಡಿದು ತಿರುವಿದಳು. ಕೆಸರು ಹಿಡಿದುಕೊಂಡಿತು. ಹಗ್ಗಕ್ಕೆ ಒಂದು ಮೊಳ ಸಡಿಲ ಬಿಟ್ಟು ಕಟ್ಟಿದಳು. ದೋಣಿ ಒಮ್ಮೆ ಅರ್ಧ ಸುತ್ತು ಬಂದು, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಸುಮ್ಮನೆ ನಿಂತಿತು.

ದಂಡೆಯಲ್ಲಿ ನಾಲ್ವರು ಸಿದಗಿಗೆ ಹೆಗಲು ಕೊಟ್ಟರು.

"ಬಾ ಬೇಟಿ," ಎಂದು ಕರೀಂಸಾಬ್ ಕರೆದ. "ಎತ್ಯಾರ. ಮುಖ ನೋಡ್ಕೊ ಬಾ."

ಗಳ ಗಟ್ಟಿಯಾಗಿ ನಿಂತಿತ್ತು, ಇನ್ನು ಹಿಡಿಯಬೇಕಾಗಿರಲಿಲ್ಲ. ಆದರೂ ಅವಳು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು, ದಂಡೆಗೆ ಬೆನ್ನು ಮಾಡಿ, ನೀರಿನಲ್ಲೇ ನಿಂತಿದ್ದಳು.