ಗುಲಾಬಿ ಬೆಣೆ

ಆ ಮನೆಯ ಒಳಬಾಗಿಲುಗಳಿಗೆ ಚಿಲಕ ಇರಲಿಲ್ಲ. ಮುರಿದುಹೋಗಿದ್ದಲ್ಲ, ಮನೆಯೊಡತಿಯೇ ತೆಗೆಸಿದ್ದು. ಸ್ಕ್ರೂ ಇದ್ದ ತೂತುಗಳಿಗೆ ಪುಟ್ಟಿ ತುಂಬಿಸಿ ಮೇಲೆ ಬಣ್ಣ ಹೊಡೆಸಿದ್ದಳು. ಬಚ್ಚಲಿಗೂ ಚಿಲಕವಿಲ್ಲ. ಸ್ನಾನಕ್ಕೆ ಹೋದವರು ಬಾಯಿ ಮುಚ್ಚಿಕೊಂಡಿರುವಂತಿಲ್ಲ; ಏನಾದರೂ ಗುನುಗಬೇಕು, ಬಾರದಿದ್ದರೆ ಚೊಂಬನ್ನು ಬಕೆಟ್ಟಿಗೆ ಬಡಿಯುತ್ತಿರಬೇಕು. ಸದ್ದಿದ್ದರೆ ಒಳಗೆ ಆಳಿದೆ, ಜೀವವೂ ಇದೆ ಎಂದರ್ಥ.

ಮಹಡಿಯ ಕೋಣೆ ನೋಡಲು ಹುಡುಗಿ ಬಂದ ದಿನವೇ ಮನೆಯೊಡತಿ ಇದನ್ನು ಹೇಳಿದ್ದಳು.

"ನಮ್ಮ ಯಜಮಾನ್ರು ಬಚ್ಚಲಲ್ಲಿ ಜಾರಿ ಬಿದ್ರು. ಒಳಗಿಂದ ಚಿಲಕ. ಹೊರಗೆ ನಿಂತು ಬಡಿದೇ ಬಡಿದೆ. ಮೊದಮೊದಲು ನರಳೋದು ಕೇಳ್ತಿತ್ತು, ಆಮೇಲೆ ಅದೂ ನಿಂತಿತು. ಬಡಗಿ ಬಂದು ಬಾಗಿಲು ಒಡೆಯೋ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ಏನು ಬೇಕಾದ್ರೂ ಬೇಯಿಸ್ಕೊ, ಯಾವಾಗ ಬೇಕಾದ್ರೂ ಬಾ, ಕೇಳಲ್ಲ. ಬಾಗಿಲು ಮಾತ್ರ ನಾನು ತಳ್ಳಿದ್ರೆ ತೆರ್ಕೋಬೇಕು. ಒಪ್ಪಿಗೆ ಆದ್ರೆ ಇರು, ಇಲ್ದಿದ್ರೆ ಬೇರೆ ದಾರಿ ನೋಡ್ಕೊ."

ಹುಡುಗಿ ತಲೆಯಾಡಿಸಿದಳು. ಚಿಲಕ ಬೇಕು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಅಲ್ಲಿಯವರೆಗೆ ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಅವಳು ಮಲಗುವ ಕೋಣೆಯ ಬಾಗಿಲನ್ನು ಭಾವ ಆಗಾಗ ಮೆಲ್ಲಗೆ ತಳ್ಳಿ ನೋಡುತ್ತಿದ್ದ. ಅವಳು ಬಾಗಿಲಿಗೆ ಟ್ರಂಕು ಒತ್ತಿಟ್ಟು, ಉಸಿರು ಬಿಗಿಹಿಡಿದು ಬಿದ್ದುಕೊಂಡಿರುತ್ತಿದ್ದಳು. ಕಿರುಚಿದರೆ ಅಕ್ಕ ಏಳುತ್ತಾಳೆ. ಎದ್ದ ಅಕ್ಕ ಯಾರ ಪಕ್ಷ ವಹಿಸುತ್ತಾಳೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸುಮ್ಮನಿದ್ದರೆ ಅವನು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಸುಮ್ಮನಿರುವುದನ್ನು ಅವಳು ಹಾಗೆ ಕಲಿತಿದ್ದಳು.

ಅವಳಿಗೆ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು, ಮೇಣದಲ್ಲಿ ಒಸಡು ತಿದ್ದುವುದು, ಆಮೇಲೆ ಅದನ್ನೇ ಗುಲಾಬಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎರಕ ತೆಗೆದು ಉಜ್ಜುವುದು. ಪಕ್ಕದ ಕೋಣೆಯ ನರ್ಸು ಅವಳಿಗೆ ಹಲ್ಲಮ್ಮ ಎಂದು ಹೆಸರಿಟ್ಟಿದ್ದಳು.

"ಹಲ್ಲಮ್ಮಾ, ನಮ್ಮ ವಾರ್ಡಲ್ಲಿ ಅಜ್ಜ ಒಬ್ಬ ತನ್ನ ಹಲ್ಲನ್ನ ತಾನೇ ನುಂಗಿ ಕೂತಿದಾನೆ. ನಿನ್ನ ಕೈಕೆಲಸ ಏನೇ ಅದು?"

"ನನ್ನದಾಗಿದ್ರೆ ನುಂಗಕ್ಕೆ ಆಗ್ತಿರ್ಲಿಲ್ಲ ಅಕ್ಕಾ. ಕಚ್ಕೊಂಡಿರ್ತಿತ್ತು."

ಅದು ಬಡಾಯಿಯಲ್ಲ. ಹೊಸ ಕೋಣೆಯಲ್ಲೂ ನಿದ್ದೆ ಹತ್ತದೆ ಕಣ್ಣು ಕೆಂಪಾದಾಗ ಅವಳು ಲ್ಯಾಬಿನಿಂದ ಮೇಣ ತಂದು ಬಾಗಿಲಿಗೂ ನೆಲಕ್ಕೂ ನಡುವಿನ ಸಂದಿನ ಅಚ್ಚು ತೆಗೆದಳು. ಬೇರೆ ಯಾರಾದರೂ ಒಂದು ಮರದ ಚೂರು ತುರುಕಿ ಮಲಗುತ್ತಿದ್ದರು. ಇವಳು ನೆಲದ ಉಬ್ಬುತಗ್ಗು, ಹಲಗೆಯ ಸವೆತ ಒಂದನ್ನೂ ಬಿಡದೆ ಕೂಡಿಸಿ ಒಂದು ಬೆಣೆ ಎರಕ ಹೊಯ್ದಳು. ಚಪ್ಪಲಿಯಿಂದ ಒಂದೇಟು ಕೊಟ್ಟರೆ ಬಾಗಿಲು ಗೋಡೆಯಾಗುತ್ತಿತ್ತು. ಬೆಳಿಗ್ಗೆ ಪಕ್ಕದಿಂದ ತಟ್ಟಿ ಬಿಡಿಸಿ ದಿಂಬಿನ ಚೀಲಕ್ಕೆ ಹಾಕುತ್ತಿದ್ದಳು. ಹಾಗೆ ಅವಳಿಗೆ ನಿದ್ದೆ ಬರತೊಡಗಿತು.

ಒಂದು ಭಾನುವಾರ ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂತು. ಮನೆಯೊಡತಿ ಕೆಳಗಿನಿಂದ ಕೂಗಿದಳು. ಉತ್ತರವಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲು ತಳ್ಳಿದಳು. ಅಲುಗಲಿಲ್ಲ.

ಒಳಗೆ ಹುಡುಗಿಗೆ ಎಚ್ಚರವಾದದ್ದು ಆ ನೂಕಿಗೇ. ಕಣ್ಣು ಬಿಡುವ ಮೊದಲೇ ಉಸಿರು ಕಟ್ಟಿತು.

"ಏ ಹುಡುಗೀ. ಎದ್ದಿದೀಯಾ?"

ಹೆಂಗಸಿನ ದನಿ ಎಂದು ತಿಳಿಯಿತು. ಯಾರ ದನಿ ಎಂದೂ ತಿಳಿಯಿತು. ಗಂಟಲು ಮಾತ್ರ ಬಿಚ್ಚಲಿಲ್ಲ.

"ಏನಾದ್ರೂ ಅನ್ನೇ! ನರಳೋದಾದ್ರೂ ನರಳೇ!"

ಬಾಗಿಲಿಗೆ ಧಡಧಡ ಹೊಡೆತ ಬಿತ್ತು. ತಲೆತುಂಬ ನೊರೆಯಿದ್ದ ನರ್ಸು ಬಚ್ಚಲಿನಿಂದ ಓಡಿ ಬಂದಳು. ಗಂಡ ಸತ್ತಂದಿನಿಂದ ಮೆಟ್ಟಿಲ ಬಳಿ ಮೊಳೆಗೆ ತೂಗುಹಾಕಿದ್ದ ಸುತ್ತಿಗೆ ಆಗಲೇ ಮನೆಯೊಡತಿಯ ಕೈಯಲ್ಲಿತ್ತು.

"ಭುಜ ಕೊಡು, ಭುಜ ಕೊಡು! ಇನ್ನೊಂದು ಹೆಣ ತೆಗೆಯಕ್ಕೆ ನನ್ನ ಕೈಲಾಗಲ್ಲ!"

ಹುಡುಗಿ ಹಾಸಿಗೆಯಿಂದ ಜಿಗಿದು ಬೆಣೆಯನ್ನು ಪಕ್ಕದಿಂದ ಹೊಡೆದಳು. ಹೊರಗಿನಿಂದ ತಳ್ಳಿದಷ್ಟೂ ಅದು ಬಿಗಿಯಾಯಿತು. ಅದನ್ನು ಮಾಡಿದ್ದೇ ಹಾಗೆ ಕಚ್ಚಿಕೊಳ್ಳಲಿ ಎಂದು. ಇನ್ನೊಮ್ಮೆ ಹೊಡೆದಳು, ಉಗುರು ಕಿತ್ತುಬಂತು. ತಲೆಯ ಮಟ್ಟದಲ್ಲಿ ಸುತ್ತಿಗೆಯ ಏಟಿಗೆ ಹಲಗೆ ಸೀಳಿ ಸಿಬಿರು ಅವಳ ಕೂದಲ ಮೇಲೆ ಬಿತ್ತು. ಅವರು ತಳ್ಳುವುದನ್ನು ನಿಲ್ಲಿಸಿದರೆ ಮಾತ್ರ ಬೆಣೆ ಬಿಡುತ್ತದೆ. ನಿಲ್ಲಿಸಬೇಕಾದರೆ ಅವಳು ಬಾಯಿ ಬಿಡಬೇಕು. ಬಾಯಿ ತೆರೆದಳು. ಗಾಳಿ ಹೊರಟಿತು, ದನಿಯಿಲ್ಲ. ಮತ್ತೊಂದು ಏಟು ಬಿತ್ತು.

"ತಳ್ಳಬೇಡಿ!" ಯಾರೋ ಬೇರೆಯವರು ಕೂಗಿದ ಹಾಗಿತ್ತು. "ತಳ್ಳಬೇಡೀ!"

ಹೊರಗೆ ಎಲ್ಲವೂ ನಿಂತಿತು. ಅವಳು ಬೆಣೆ ಬಿಡಿಸಿ ಬಾಗಿಲು ತೆಗೆದಳು.

ಮನೆಯೊಡತಿ ಗೋಡೆಗೊರಗಿ ಕುಸಿದು ಕೂತಿದ್ದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಅವಳ ಕೈಲಿದ್ದದ್ದನ್ನು ನೋಡಿದಳು.

"ಏನದು?"

"ಅಯ್ಯೋ, ದವಡೆ ಇದ್ದ ಹಾಗಿದೆ," ಎಂದಳು ನರ್ಸು.

"ಬೆಣೆ ಆಂಟಿ. ನಾನೇ ಮಾಡಿದ್ದು."

"ಇವತ್ತೇ ಖಾಲಿ ಮಾಡು. ಅಕ್ಕನ ಮನೆ ಇದೆಯಲ್ಲ, ಹೋಗು."

"ಅಲ್ಲಿಗೆ ಹೋಗಲ್ಲ."

"ಅದು ನಿನ್ನ ಹಣೆಬರಹ. ನಾನು ಹೇಳಿದ್ದು ಒಂದೇ ಮಾತು. ಅದೊಂದನ್ನ ನಡೆಸಕ್ಕಾಗಲಿಲ್ಲ ನಿನಗೆ."

"ನನ್ನ ಕೈಲಾಗದೇ ಇರೋದೂ ಅದೊಂದೇ." ಹುಡುಗಿ ನೆಲ ನೋಡುತ್ತ ಹೇಳಿದಳು. "ಅಕ್ಕನ ಮನೇಲೂ ಚಿಲಕ ಇಲ್ಲ ಆಂಟಿ. ಅಲ್ಲಿ ಭಾವ ಇದಾನೆ."

ನರ್ಸಿನ ಕಿವಿಯ ಮೇಲಿಂದ ನೊರೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಮನೆಯೊಡತಿ ಸುತ್ತಿಗೆಯನ್ನು ನೆಲಕ್ಕಿಟ್ಟಳು.

"ಬಂದ ದಿನವೇ ಬಾಯಿ ಬಿಡಕ್ಕೆ ಏನಾಗಿತ್ತು ನಿನಗೆ ರೋಗ?"

"ಬಿಟ್ಟಿದ್ರೆ ಕೋಣೆ ಕೊಡ್ತಿದ್ರಾ?"

ಮಾತಾಡಿದ್ದು ನರ್ಸು. "ಆಂಟಿ, ಬೇಜಾರಾಗಬೇಡಿ. ನೀವು ಹೇಳಿದ್ರಿ ಅಂತ ಇಷ್ಟು ದಿನ ಚೊಂಬು ಬಡ್ಕೊಂಡೇ ಸ್ನಾನ ಮಾಡಿದೀನಿ, ಎದುರಾಡಿದ್ನಾ? ಆದ್ರೆ ನೀವೂ ತಟ್ಟಲ್ಲ. ಸೀದಾ ತಳ್ತೀರಿ."

"ನನ್ನ ಮನೆ ಕಣೆ ಇದು."

"ಮನೆ ನಿಮ್ಮದೇ. ಕೋಣೆ ಬಾಡಿಗೆಗೆ ಕೊಟ್ಟಿದೀರಲ್ಲ."

ಮನೆಯೊಡತಿ ಮೊಣಕಾಲು ಹಿಡಿದುಕೊಂಡು ಎದ್ದಳು. "ನಿನ್ನ ತಲೆ ತೊಳ್ಕೋ ಹೋಗು ಮೊದಲು, ನೀರು ನಿಲ್ಲತ್ತೆ." ಹುಡುಗಿಯ ಕಡೆ ತಿರುಗಿದಳು. "ಆ ದವಡೆ ಇಟ್ಕೊ. ನಾನು ತಳ್ಳಲ್ಲ, ತಟ್ತೀನಿ. ತಟ್ಟಿದಾಗ ದನಿ ಕೊಡಬೇಕು. ಕೊಡದಿದ್ರೆ ಬಾಗಿಲು ಒಡೀತೀನಿ, ಆಮೇಲೆ ನಿನ್ನ ಗಂಟುಮೂಟೆ ಬೀದಿಗೆ. ನಾಳೆ ಬೆಳಿಗ್ಗೆ ಗೊತ್ತಾಗತ್ತೆ."

ಬೆಳಿಗ್ಗೆ ಹುಡುಗಿ ಹೊತ್ತಿಗೆ ಮುಂಚೆಯೇ ಎದ್ದು ಹಾಸಿಗೆಯ ಮೇಲೆ ಕೂತಿದ್ದಳು. ಹೆಜ್ಜೆಗಳು ಮೆಟ್ಟಿಲು ಹತ್ತಿ ಬಂದವು. ಬೆಣೆಯ ಆಚೀಚೆ ಪಾದಗಳ ನೆರಳು ಬಿತ್ತು. ಟಕ್ ಟಕ್.

ಬಾಯಿ ತೆರೆದಳು. ಏನೂ ಬರಲಿಲ್ಲ. ನೆರಳು ಅಲುಗಲಿಲ್ಲ. ಸುತ್ತಿಗೆ ಗೋಡೆಗೆ ತಾಗಿದ ಸದ್ದು ಕೇಳಿತು. ಆದರೆ ಬಾಗಿಲನ್ನು ಯಾರೂ ತಳ್ಳಲಿಲ್ಲ. ಅವಳು ಬೆಣೆಯನ್ನೇ ನೋಡುತ್ತಿದ್ದಳು. ಅದು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ.

ಟಕ್ ಟಕ್.

"ಇದ್ದೀನಿ."

"ಜೋರಾಗಿ ಹೇಳು. ನನ್ನ ಕಿವಿ ಮಂದ."

"ಇದ್ದೀನಿ ಆಂಟಿ!"

"ಹ್ಞೂಂ," ಎಂದಿತು ಹೊರಗಿನ ದನಿ. ಹೆಜ್ಜೆಗಳು ಇಳಿದುಹೋದವು. ಹುಡುಗಿ ಬಾಗಿಲು ತೆರೆದು ನೋಡಿದಳು. ಮನೆಯೊಡತಿ ಸುತ್ತಿಗೆಯನ್ನು ಹಳೆಯ ಮೊಳೆಗೆ ಹಾಕಿರಲಿಲ್ಲ. ಅದು ಇವಳ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿತ್ತು.