ಬಣ್ಣ ನೋಡಿ ತಂದ ಮ್ಯಾಂಡೊಲಿನ್

ನನ್ನ ಗಂಡ ಹ್ಯಾಸ್ಕೆಲ್ ಎರಡು ವರ್ಷದಿಂದ ನನ್ನ ಬಲಗೈಯನ್ನು ದಿಟ್ಟಿಸುತ್ತಿದ್ದ. ಮನೆಯಲ್ಲಲ್ಲ. ಮನೆಯಲ್ಲಿ ನಾನು ತಲೆಗೆ ಹಸಿರು ಬಣ್ಣ ಬಳಿದುಕೊಂಡು ಓಡಾಡಿದರೂ ಅವನಿಗೆ ಗೊತ್ತಾಗುವುದಿಲ್ಲ. ಶುಕ್ರವಾರ ಸಂಜೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಮ್ಮ ತಂಡ ನುಡಿಸುವಾಗ ಮಾತ್ರ ಈ ದೃಷ್ಟಿ. ಅವನದು ಬ್ಯಾಂಜೊ, ನನ್ನದು ಮ್ಯಾಂಡೊಲಿನ್, ನೋಲಾಳದು ಪಿಟೀಲು, ಅವಳ ತಮ್ಮನದು ಗಿಟಾರ್. ಜನ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ತಿಂದು ಕುಣಿಯಲು ಎದ್ದರೆ ಸಾಕು, ಇವನ ಹುಬ್ಬು ಗಂಟಿಕ್ಕುತ್ತಿತ್ತು, ಕಣ್ಣು ನನ್ನ ಮಣಿಕಟ್ಟಿಗೆ ಅಂಟಿಕೊಳ್ಳುತ್ತಿತ್ತು.

"ಮದುವೆಯಾಗಿ ಇಷ್ಟು ವರ್ಷ ಆದ್ರೂ ನಿನ್ ಗಂಡಂಗೆ ನಿನ್ ಮೇಲಿಂದ ಕಣ್ಣು ಕೀಳಕ್ಕಾಗ್ತಿಲ್ವಲ್ಲೇ ಡ್ರೀಮಾ!" ಎಂದು ನೋಲಾ ಚುಡಾಯಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಬ್ಲೂಗ್ರಾಸ್ ಸಂಗೀತದಲ್ಲಿ ಡ್ರಮ್ಮು ಇಲ್ಲ, ಮ್ಯಾಂಡೊಲಿನ್ನೇ ಡ್ರಮ್ಮು. ತಾಳದ ಎರಡು ಪೆಟ್ಟುಗಳ ನಡುವೆ ತಂತಿಯನ್ನು 'ಟಕ್' ಎಂದು ಹೊಡೆದು ಅಲ್ಲೇ ಅದುಮಿ ನಿಲ್ಲಿಸಬೇಕು. ಉಳಿದವರೆಲ್ಲ ಆ ಟಕ್ಕನ್ನು ಹಿಡಿದು ನಡೆಯುತ್ತಾರೆ. ನನ್ನ ಟಕ್ಕು ತಪ್ಪುತ್ತಿದೆ, ಇವನು ಬಾಯಿಬಿಟ್ಟು ಹೇಳದೆ ಕಣ್ಣಲ್ಲೇ ತಪ್ಪು ಎಣಿಸುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ. ಕೇಳಿದರೆ "ಏನಿಲ್ಲ ಬಿಡೇ" ಎನ್ನುತ್ತಿದ್ದ. ಗುರುವಾರ ಬಂತೆಂದರೆ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಂಗಳಕ್ಕೆ ತಿರುಗುತ್ತಿದ್ದೆ. ರಾತ್ರಿ ನಿದ್ದೆಯಲ್ಲೂ ನನ್ನ ಕೈ ತಾಳ ಹಾಕುತ್ತಿತ್ತಂತೆ.

ಹಳೆಯ ಮ್ಯಾಂಡೊಲಿನ್ನಿನ ಕತ್ತು ಬಾಗಿತ್ತು, ಅದೇ ನೆಪ ಸಿಕ್ಕಿತು. ಹೊಸದು ತರೋಣ ಎಂದೆ. ಹುಡುಗರ ಕೈಗೆ ಕೊಡುವ ಅಗ್ಗದ್ದೂ ಬೇಡ, ಪಿಕಪ್ ಗಾಡಿ ಮಾರಿ ಕೊಳ್ಳುವಂಥದ್ದೂ ಬೇಡ, ನಡುವಿನದು ಒಂದಿರಲಿ. ವಾದ್ಯದಂಗಡಿಯಿರುವ ಗೇಲ್ಯಾಕ್ಸ್ ಊರಿಗೆ ಹೋಗುವ ದಾರಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೂಬಿಟ್ಟೆ.

"ನೋಡು ಹ್ಯಾಸ್ಕೆಲ್, ಹೊಸದು ಬಂದಮೇಲೂ ನೀನು ಹಿಂಗೇ ಗುರಾಯಿಸ್ತಿದ್ರೆ ನಾನು ತಂಡ ಬಿಡ್ತೀನಿ. ಆಮೇಲೆ ನಿನ್ನ ಬ್ಯಾಂಜೊನ ಗೋಡೆಗೆ ತೂಗುಹಾಕ್ಕೋ."

"ಹೂಂ" ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ನಾನಿಲ್ಲದೆ ತಂಡ ಉಳಿಯುವುದಿಲ್ಲ, ತಂಡವಿಲ್ಲದೆ ಇವನು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತು ಅದು.

ಅಂಗಡಿಯ ಆರ್ವಿಲ್ ನಮ್ಮಿಬ್ಬರಿಗಿಂತ ಹಿರಿಯ. ವಾದ್ಯ ಮಾರುವುದಕ್ಕಿಂತ ಕಾಫಿ ಕುಡಿಸುವುದೇ ಅವನಿಗೆ ಹೆಚ್ಚು ಇಷ್ಟ.

"ಸುರುಳಿ ಇರೋದಕ್ಕೆ ಕೈ ಹಾಕ್ಬೇಡಮ್ಮ" ಎಂದ. "ಭುಜದ ಮೇಲೆ ಆ ಸುರುಳಿ ಕೆತ್ತೋದಕ್ಕೇ ಅರ್ಧ ದುಡ್ಡು ಹೋಗುತ್ತೆ, ಅದೇನು ಹಾಡುತ್ತಾ? ನಿನ್ ಕೈಗೆಟುಕೋ ಬೆಲೆಗೆ ಬೋಳು ಭುಜದ್ದೇ ಒಳ್ಳೇದು. ಮೇಲಿನ ಹಲಗೆ ಇಡೀ ಮರದ್ದಿರ್ಬೇಕು, ಅಂಟಿಸಿದ ಪದರ ಇರ್ಬಾರ್ದು. ಅಷ್ಟು ನೋಡ್ಕೋ."

ಕೊನೆಗೆ ಎರಡು ಉಳಿದವು. ಒಂದು ಕಂದು, ಕಾಫಿಯಷ್ಟು ಗಾಢ. ಇನ್ನೊಂದು ಬೆಣ್ಣೆಯ ಬಣ್ಣದ್ದು. ಕಂದು ಬಣ್ಣದ್ದರ ತಂತಿಯನ್ನು ಮುಟ್ಟಿದೊಡನೆ ನನಗೆ ಆಸೆ ಹತ್ತಿಕೊಂಡಿತು. ಅಜ್ಜಿಯರ ಕಾಲದ ಹಾಡು ಮೆಲ್ಲಗೆ ನುಡಿಸಿದರೆ ತುಂಬುಕಂಠ, ಟಕ್ ಎಂದು ಹೊಡೆದರೆ ಒಣಗಿದ ಸೌದೆ ಸೀಳಿದ ಸದ್ದು. ಬೆಣ್ಣೆಯದು ಕೆಟ್ಟದ್ದೇನಲ್ಲ, ಆದರೆ ಸ್ವಲ್ಪ ಮೂಗಿನಲ್ಲಿ ಮಾತಾಡುತ್ತಿತ್ತು.

ನಮ್ಮ ಕಡೆ ಒಂದು ಪದ್ಧತಿಯಿದೆ. ವಾದ್ಯ ಕೊಳ್ಳಲು ಬಂದವರ ಜೊತೆಯವರು ಗೋಡೆಗೆ ಮುಖ ಮಾಡಿ ನಿಂತು ಕೇಳಬೇಕು. ಹೊಳಪು ನೋಡಿ, ವಾದ್ಯದ ತಲೆಯ ಮೇಲೆ ಬರೆದ ಕಂಪನಿಯ ಹೆಸರು ನೋಡಿ ಮೋಸಹೋಗಬಾರದು, ಕಿವಿ ಕೊಳ್ಳಬೇಕು, ಕಣ್ಣಲ್ಲ. ಈ ಪದ್ಧತಿಯ ದೊಡ್ಡ ಪುರೋಹಿತನೇ ಹ್ಯಾಸ್ಕೆಲ್. ಕೆಂಪಗಿದೆಯೆಂದು ಗಿಟಾರ್ ಕೊಂಡ ತನ್ನ ಸೋದರನನ್ನು ಅವನ ತಿಥಿಯ ಊಟದಲ್ಲೂ ಆಡಿಕೊಂಡು ನಕ್ಕವನು. ಈಗ ನೋಡಿದರೆ ಜಾಗ ಬಿಟ್ಟು ಕದಲಲೊಲ್ಲ.

"ಮಂಡಿ ನೋವು ಕಣೋ ಆರ್ವಿಲ್, ನಿಂತ್ಕೊಳಕ್ಕಾಗಲ್ಲ. ಇಲ್ಲಿಂದ್ಲೇ ಕೇಳ್ತೀನಿ."

"ನಿಂತ್ಕೋ ಅಂದೋರ್ಯಾರು? ಕೂತ್ಕೊಂಡೇ ಗೋಡೆ ನೋಡು" ಎಂದು ಆರ್ವಿಲ್ ಒಂದು ಕುರ್ಚಿ ತಂದು ಗೋಡೆಗೆ ಮುಖವಾಗಿ ಇಟ್ಟ. ಹ್ಯಾಸ್ಕೆಲ್ ನನ್ನ ಮುಖ ನೋಡಿದ, ಆಮೇಲೆ ಕೂತ.

ಕಂದು ಬಣ್ಣದ್ದನ್ನು ನುಡಿಸಿದೆ. ಆಮೇಲೆ ಬೆಣ್ಣೆಯದನ್ನು ನುಡಿಸಿದೆ. ಅವನ ತಲೆ ತೂಗುತ್ತಿತ್ತು, ಬೂಟು ನೆಲಕ್ಕೆ ತಾಳ ಹಾಕುತ್ತಿತ್ತು. ಮತ್ತೊಮ್ಮೆ ಕಂದು ಬಣ್ಣದ್ದನ್ನು ಎತ್ತಿಕೊಂಡೆ. ಒಂದು ತಂತಿ ಇಳಿದಿತ್ತು, ನುಡಿಸುವುದನ್ನು ಬಿಟ್ಟು ತಂತಿ ಬಿಗಿಯುವ ಗೂಟ ತಿರುಗಿಸತೊಡಗಿದೆ. ಅಂಗಡಿಯಲ್ಲಿ ಸದ್ದೇ ಇಲ್ಲ. ಬೂಟು ಮಾತ್ರ ಹಾಗೇ ತಾಳ ಹಾಕುತ್ತಿತ್ತು.

"ಇದು! ಇದೇ ಕಣೇ ಡ್ರೀಮಾ!" ಎಂದು ಗೋಡೆಗೆ ಕೂಗಿ ಹೇಳಿದ. "ಈಗ ಬಾರಿಸ್ತಿದೀಯಲ್ಲ, ಇದಕ್ಕಿಂತ ಇನ್ನೇನು ಬೇಕು!"

ನಾನು ಬಾರಿಸುತ್ತಲೇ ಇರಲಿಲ್ಲ. ಆರ್ವಿಲ್ ನನ್ನನ್ನು ನೋಡಲಿಲ್ಲ, ಕಾಫಿ ಲೋಟ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೋಗಿ ಗೋಡೆಗೂ ಅವನಿಗೂ ನಡುವೆ ನಿಂತೆ.

"ಎಷ್ಟು ದಿನದಿಂದ?"

ನನ್ನ ತುಟಿಗಳನ್ನೇ ನೋಡಿದ. ಮನೆಯಲ್ಲಿ ನಾನು ಬೆನ್ನು ಹಾಕಿ ಮಾತಾಡಿದಾಗಲೆಲ್ಲ ಇವನು ಸುಮ್ಮನಿದ್ದದ್ದು ಯಾಕೆಂದು ಆಗ ಹೊಳೆಯಿತು.

"ಮರದ ಮಿಲ್ಲಿನ ಕೆಲಸ ಬಿಟ್ಟಾಗಿಂದ" ಎಂದ. "ಇಷ್ಟು ವರ್ಷ ಗರಗಸದ ಪಕ್ಕ ನಿಂತ್ರೆ ಇನ್ನೇನಾಗುತ್ತೆ? ದಪ್ಪ ಸದ್ದು ಕೇಳುತ್ತೆ. ಬ್ಯಾಂಜೊ ಹೊಟ್ಟೆಗೆ ತಾಗುತ್ತಲ್ಲ, ಅದು ಗೊತ್ತಾಗುತ್ತೆ. ಪಿಟೀಲು ಕೇಳಲ್ಲ. ನಿನ್ನ ಮ್ಯಾಂಡೊಲಿನ್ ಒಂಚೂರೂ ಇಲ್ಲ."

"ಕಿವೀಗೆ ಹಾಕ್ಕೊಳೋ ಮಿಷಿನ್ ಬರಲ್ವೇನೋ?"

"ಇದೆ. ಗಾಡೀಲಿಟ್ಟಿದೀನಿ. ಮಾತಿಗಾದ್ರೆ ಪರವಾಗಿಲ್ಲ. ಹಾಡಲ್ಲಿ ಹಾಕ್ಕೊಂಡ್ರೆ ತಗಡು ಹರಿದಂಗೆ ಆಗುತ್ತೆ ಕಣೇ, ತಾಳ ಎಲ್ಲಿದೆ ಅಂತ್ಲೇ ತಿಳಿಯಲ್ಲ."

"ಮತ್ತೆ ಎರಡು ವರ್ಷ ಹೆಂಗೋ ಬಾರಿಸ್ದೆ?"

"ನಿನ್ ಕೈ ನೋಡ್ಕೊಂಡು."

ಆ ಮಾತು ಕೇಳಿ ನಾನು ಅಲ್ಲೇ ನೆಲದ ಮೇಲೆ ಕೂತೆ. ತಪ್ಪು ಎಣಿಸುತ್ತಿದ್ದಾನೆಂದು ನಾನು ಹಲ್ಲು ಕಚ್ಚುತ್ತಿದ್ದ ಅಷ್ಟು ಶುಕ್ರವಾರಗಳಲ್ಲಿ ಇವನು ನನ್ನ ಮಣಿಕಟ್ಟನ್ನು ಹಿಡಿದು ನಡೆಯುತ್ತಿದ್ದ. ನಾನೋ, ಅದನ್ನೇ ಕಿತ್ತುಕೊಳ್ಳುತ್ತೇನೆಂದು ಬೆಳಿಗ್ಗೆ ಹೆದರಿಸಿದ್ದೆ.

"ಹೇಳಕ್ಕೇನು ಧಾಡಿ ನಿಂಗೆ? ಬಾಯಿಗೆ ಬೀಗ ಜಡಿದಿದ್ರಾ ಯಾರಾದ್ರೂ?"

"ಹೇಳಿದ್ರೆ 'ಪಾಪ' ಅಂತೀರ. ಪಾಪ ಅಂದೋರ ಜೊತೆ ಬಾರಿಸಕ್ಕಾಗಲ್ಲ." ನನ್ನ ಕಡೆ ಬಗ್ಗಿ, "ತಂಡ ಬಿಡ್ಬೇಡ ಕಣೇ" ಎಂದ. ಬೆಳಗಿನ ಮಾತು ಅವನಿಗೆ ತಿಳಿದಿತ್ತು. ಗಾಡಿಯಲ್ಲಿ ಮಿಷಿನ್ ಹಾಕಿಕೊಂಡಿದ್ದನೋ, ನನ್ನ ಮುಖವೇ ಹೇಳಿತ್ತೋ, ನಾನು ಕೇಳಲಿಲ್ಲ.

ಎದ್ದು ಎರಡನ್ನೂ ತಂದು ಅವನ ಮುಂದೆ ಕೂತೆ. ಮೊದಲು ಕಂದು ಬಣ್ಣದ್ದರ ಮೇಲೆ ಟಕ್ ಟಕ್ ಹೊಡೆದೆ, ಆಮೇಲೆ ಬೆಣ್ಣೆಯದರ ಮೇಲೆ.

"ಯಾವುದ್ರ ಮೇಲೆ ಕೈ ಚೆನ್ನಾಗಿ ಕಾಣುತ್ತೆ?"

"ಹುಚ್ಚು ಹಿಡೀತೇನೇ? ಕಂದು ತಗೋ. ನಿಂಗೆ ಆಸೆ ಇರೋದು ನಿನ್ ಮುಖದಲ್ಲೇ ಬರೆದಿದೆ."

"ಕೇಳಿದ್ದಕ್ಕೆ ಉತ್ತರ ಹೇಳೋ."

ಬೆಣ್ಣೆಯದರ ಕಡೆ ಗದ್ದ ಎತ್ತಿ ತೋರಿಸಿದ. "ಕತ್ತಲೆ ಬಣ್ಣದ ಮೇಲೆ ಠಾಣೆ ದೀಪಕ್ಕೆ ನಿನ್ ಕೈ ಕಳೆದುಹೋಗುತ್ತೆ."

ಕಂದು ಬಣ್ಣದ್ದನ್ನು ಆರ್ವಿಲ್‌ನ ಗೋಡೆಗೆ ನಾನೇ ತೂಗುಹಾಕಿದೆ. ಆ ದನಿಗಾಗಿ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಪೆಟ್ಟಿಗೆ ತೆರೆದಾಗ ನೋಲಾ ಒಂದು ತಂತಿ ಮೀಟಿ ಮೂಗು ಮುರಿದಳು. "ಅಯ್ಯೋ, ಇದ್ಯಾಕೇ ಇಷ್ಟು ಸಣ್ಣ ದನಿ? ಬಣ್ಣ ನೋಡಿ ತಂದ್ಯೇನೇ?" ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಹ್ಯಾಸ್ಕೆಲ್ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಹೂಂ ಕಣೇ, ಬಣ್ಣ ನೋಡಿಯೇ ತಂದೆ" ಎಂದೆ.

ಮೂರನೆಯ ಹಾಡಿಗೆ ಕುಣಿತ ಬಿರುಸಾಯಿತು. ನಾನು ಮೈಮರೆತು ಹಾಡಲು ಮೈಕಿನ ಕಡೆ ತಿರುಗಿದೆ, ಕೈ ಹ್ಯಾಸ್ಕೆಲ್‌ಗೆ ಮರೆಯಾಯಿತು, ಬ್ಯಾಂಜೊ ಎಡವಿತು. ನೋಲಾ ಹುಬ್ಬೇರಿಸಿದಳು. ಇದು ಎಷ್ಟು ದಿನ ನಡೆಯುತ್ತದೆ, ಯಾವತ್ತು ಯಾರಿಗೆ ತಿಳಿಯುತ್ತದೆ ಎಂಬ ತಳಮಳ ನನಗೆ ಅವತ್ತೂ ಇತ್ತು, ಈಗಲೂ ಇದೆ. ಆದರೆ ಆ ಕ್ಷಣ ಮೈಕನ್ನೂ ಜನರನ್ನೂ ಬಿಟ್ಟು, ಹಾಡುತ್ತಲೇ, ಪೂರ್ತಿಯಾಗಿ ನನ್ನ ಗಂಡನ ಕಡೆ ತಿರುಗಿ ನಿಂತೆ.