ಬಾಂಡ್ಲಿಯ ಮರಳು

ರೇಸಿಗೆ ಬ್ಯಾಟರಿ ಆರಿಸುವುದಕ್ಕೆ ಸುನಂದ ಒಂದು ವಾರ ತಲೆ ಕೆಡಿಸಿಕೊಂಡಳು. ಬೇಡವೆಂದು ಬಿಟ್ಟಿದ್ದನ್ನು ಎಲ್ಲಿಡಬೇಕು ಎಂಬುದಕ್ಕೆ ಒಂದು ನಿಮಿಷವೂ ಕೆಡಿಸಿಕೊಳ್ಳಲಿಲ್ಲ. ಜಾಣರ ಹಣೆಬರಹವೇ ಇಷ್ಟು.

ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪ್ಪು ಹುಡುಕುವುದು ಅವಳ ಕೆಲಸ. ಭಾನುವಾರ ಬಂತೆಂದರೆ ಮಾಲೂರಿನ ಆಚೆ, ಪಾಳುಬಿದ್ದ ಇಟ್ಟಿಗೆ ಗೂಡಿನ ಬಯಲಿನಲ್ಲಿ ರಿಮೋಟ್ ಕಾರುಗಳ ರೇಸು. ಅವಳದು ಬಗ್ಗಿ ಎಂಬ ಮೊಳದುದ್ದದ ಕಾರು; ಧೂಳೆಬ್ಬಿಸಿಕೊಂಡು ಹೊರಟರೆ ಕಣ್ಣಿಗೆ ಸಿಗುತ್ತಿರಲಿಲ್ಲ. ಮೂವತ್ತು ದಾಟಿದ ಹೆಂಗಸಿಗೆ ಆಟಿಕೆ ಕಾರು ಯಾಕೆ ಎಂದು ಊರು ಕೇಳುತ್ತಿತ್ತು. ಊರಿಗೇನು, ಕೂತರೂ ಕೇಳುತ್ತದೆ, ನಿಂತರೂ ಕೇಳುತ್ತದೆ.

ಅವಳ ಹತ್ತಿರ ಎರಡು ಬ್ಯಾಟರಿ ಇದ್ದವು. ಒಂದು ಹೊಸದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಸೆಲ್ಲು; ಓಟ ಸಾಧಾರಣ. ಇನ್ನೊಂದು ಜೊತೆಯಲ್ಲಿ ಕೆಲಸ ಮಾಡುವ ಚಂದ್ರು ಬಳಸಿ ಕೊಟ್ಟಿದ್ದು. ಮೂರು ಸೆಲ್ಲು, ಮೇಲೆ ಬರೀ ತೆಳು ಹೊದಿಕೆ. ಅದನ್ನು ಹಾಕಿದರೆ ಬಗ್ಗಿ ನೆಲ ಬಿಟ್ಟು ಹಾರುತ್ತಿತ್ತು. ಶನಿವಾರ ಸಂಜೆ ಎರಡನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿದಳು. ಚಾರ್ಜ್ ತುಂಬುವ ಹೊತ್ತಿಗೆ ಹಳೆಯದು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಉಬ್ಬಿದ ಬ್ಯಾಟರಿ ಯಾವಾಗ ಹೊತ್ತಿಕೊಳ್ಳುತ್ತದೋ ಹೇಳಲಾಗದು ಎಂದು ಅವಳಿಗೆ ಗೊತ್ತಿತ್ತು. ಹೊಸದನ್ನು ಚೀಲಕ್ಕೆ ಹಾಕಿಕೊಂಡಳು. ಹಳೆಯದನ್ನು, ಬಲ್ಲವರು ಹೇಳುವಂತೆಯೇ, ಮರಳಿನಲ್ಲಿ ಹೂತಳು. ಹಿತ್ತಲಲ್ಲಿ ಕಬ್ಬಿಣದ ಬಾಂಡ್ಲಿಯೊಂದರಲ್ಲಿ ಮರಳು ತುಂಬಿ ಸಿದ್ಧವಾಗಿಯೇ ಇತ್ತು. ಸೋಮವಾರ ಕಾರ್ಖಾನೆಯಲ್ಲಿ ವಿಲೇವಾರಿಗೆ ಕೊಟ್ಟರಾಯಿತು ಎಂದುಕೊಂಡಳು.

ಅಪ್ಪನಿಗೆ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ. ಅಪ್ಪ ಚನ್ನರಾಯಪ್ಪ ರೇಷ್ಮೆ ಹುಳು ಸಾಕುವವನು. ಹಿಂದಿನ ತಿಂಗಳಷ್ಟೇ ಕೇಳಿದ್ದ: "ಇದು ಬೆಂಕಿ ಹತ್ಕೊಳ್ತದಂತಲ್ಲಮ್ಮಾ? ಹುಳು ಮನೆ ಪಕ್ಕದಲ್ಲೇ ಇಟ್ಕೊಂಡಿದ್ದೀಯ."

"ಏನೂ ಆಗಲ್ಲ ಕಣಪ್ಪಾ. ಟಾರ್ಚ್ ಸೆಲ್ ಇದ್ದಂಗೆ. ಜೇಬಲ್ಲೂ ಇಟ್ಕೋಬೋದು," ಅಂದಿದ್ದಳು. ನಿಜ ಹೇಳಿದರೆ ಆಟ ಕೈತಪ್ಪೀತೆಂಬ ಭಯ.

ಭಾನುವಾರ ಬೆಳಿಗ್ಗೆ ಅಮ್ಮ ವೆಂಕಟರತ್ನಮ್ಮ ಗೃಹಪ್ರವೇಶಕ್ಕೆಂದು ಮುಳಬಾಗಿಲಿಗೆ ಹೋದಳು. ಸುನಂದ ಚಂದ್ರುವಿನ ಬೈಕ್ ಹತ್ತಿ ಮಾಲೂರಿಗೆ ಬಂದಳು. ಬಯಲಿನಲ್ಲಿ ಮೈ ಕೊರೆಯುವ ಧನುರ್ಮಾಸದ ಚಳಿ. ಯಾರೋ ಬಾಂಡ್ಲಿಗೆ ಮರಳು ಹಾಕಿ, ಅದರ ಮೇಲೆ ಪುಳ್ಳೆ ಕಟ್ಟಿಗೆ ಉರಿಸಿದ್ದರು.

"ಮರಳು ಯಾಕ್ಲಾ?" ಎಂದು ಒಬ್ಬ ಕೇಳಿದ.

"ಇಲ್ದಿದ್ರೆ ತಳ ಕಾದು ತೂತು ಬೀಳ್ತದೆ."

ಕೈ ಕಾಯಿಸಿಕೊಳ್ಳಲು ಬಗ್ಗಿದ ಸುನಂದಳ ಕೈ ಅಲ್ಲೇ ನಿಂತಿತು. ಅವರ ಮನೆಯ ಬಾಂಡ್ಲಿಯಲ್ಲಿ ಮರಳು ಇದ್ದದ್ದೂ ಇದಕ್ಕೇ. ಚಳಿ ಬಿದ್ದರೆ ಹುಳು ಸೊಪ್ಪು ಮುಟ್ಟುವುದಿಲ್ಲವೆಂದು ಅಪ್ಪ ಆ ಮರಳಿನ ಮೇಲೆ ಇದ್ದಿಲು ಹೊತ್ತಿಸಿ ಹುಳು ಮನೆಯೊಳಗೆ ಇಡುತ್ತಿದ್ದ. ಹುಟ್ಟಿದಾಗಿನಿಂದ ನೋಡಿದ್ದಳು. ನೋಡಿ ನೋಡಿ ಕಣ್ಣಿಗೆ ಕಾಣದಂತಾಗಿತ್ತು.

ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಕೊನೆಯ ಪೊರೆ ಬಿಟ್ಟ ಹುಳುವಿಗೆ ಹೊತ್ತು ಹೊತ್ತಿಗೂ ಸೊಪ್ಪು ಬೇಕು. ಬಿಸಿ ಹೋಗದಂತೆ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿರುತ್ತದೆ, ಇರುವುದೊಂದೇ ಬಾಗಿಲು, ಒಳಗೆ ಅಪ್ಪ ಒಬ್ಬನೇ.

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಹುಳು ಮನೆಗೆ ಹೋಗುವಾಗ ಅಪ್ಪ ಕೈಕಾಲು ತೊಳೆದು, ಫೋನನ್ನು ಹೊರಗೋಡೆಯ ಗೂಡಿನಲ್ಲಿಟ್ಟೇ ಹೋಗುವುದು. ಮತ್ತೆ ಮಾಡಿದಳು. ತೋಟದ ಪಕ್ಕದ ಮುನಿಗಂಗಮ್ಮನ ಫೋನು ಸ್ವಿಚ್ ಆಫ್.

"ಚಂದ್ರು, ಬೈಕ್ ತೆಗಿ. ಅಪ್ಪ ಸತ್ತೋಗ್ತಾನೆ ಕಣೋ!"

ದಾರಿಯುದ್ದಕ್ಕೂ ಆ ಗೂಡಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಅವಳ ಕಿವಿಯಲ್ಲಿ ಆ ರಿಂಗು ಬಿಟ್ಟರೆ ಬೇರೇನೂ ಇರಲಿಲ್ಲ. ನರಸಾಪುರದ ಹತ್ತಿರ ಲಾರಿಗಳ ಸಾಲು ಅಡ್ಡ ಬಂದಾಗ ಇಳಿದು ಓಡಿಬಿಡಲೇ ಎನಿಸಿತು. ಮಗಳ ಮಾತು ನಂಬಿದ ಮನುಷ್ಯ. ಹತ್ತಿಕೊಂಡಿದ್ದರೆ ಹುಳು ಉಳಿಸಲು ನಿಲ್ಲುತ್ತಾನೆ, ಓಡುವುದಿಲ್ಲ. ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ, ನಿನ್ನೆ ಸಂಜೆ ಒಂದು ಮಾತಿಗೆ ಯಾಕೆ ಬರಲಿಲ್ಲವೋ!

ತಿರುವಿನಲ್ಲಿ ಹುಳು ಮನೆ ಕಂಡಿತು. ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಅವಳು ಬೈಕಿನಿಂದ ಹಾರಿ ಓಡಿದಳು, ಬಾಗಿಲು ದೂಡಿದಳು.

ಕೆಂಡ ಬಾಂಡ್ಲಿಯಲ್ಲಿ ತನ್ನ ಪಾಡಿಗೆ ಮಿನುಗುತ್ತಿತ್ತು. ತಟ್ಟೆಗಳ ಮೇಲೆ ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ಮಂಕಿಟೋಪಿ ಹಾಕಿಕೊಂಡ ಅಪ್ಪ ಬುಟ್ಟಿ ಹಿಡಿದು ನಿಂತಿದ್ದ.

"ಕಾಲು ತೊಳ್ಕೊಂಡು ಬಾರಮ್ಮಾ," ಎಂದ. "ಆಗ್ಲೇ ಗೆದ್ಬಿಟ್ಯಾ?"

ಸುನಂದ ಬಾಂಡ್ಲಿಯತ್ತ ಕೈ ತೋರಿಸಿದಳು.

"ಓ, ಅದಾ? ಕಲ್ಲಿದ್ರೆ ಕಾವಿಗೆ ಸಿಡೀತದೆ ಅಂತ ಮರಳು ಜರಡಿ ಹಿಡ್ದೆ. ನಿನ್ ಸೆಲ್ಲು ಬಿದ್ದೋಗಿತ್ತು. ಅಷ್ಟು ಬೆಲೆ ಬಾಳೋದು, ಹಿಂಗಾ ಬಿಸಾಕೋದು?" ಅಪ್ಪ ಎದೆ ತಟ್ಟಿಕೊಂಡ. "ಜೋಪಾನವಾಗಿ ಇಟ್ಕೊಂಡಿದ್ದೀನಿ."

ಅವನ ಅಂಗಿಯ ಜೇಬಿನಿಂದ ಉಬ್ಬಿದ ಬ್ಯಾಟರಿ ಅರ್ಧ ಹೊರಗಿತ್ತು. ಅದೇ ಜೇಬಿನಲ್ಲಿ, ಅದರ ತೆಳು ಹೊದಿಕೆಗೆ ಒತ್ತಿಕೊಂಡು, ಮನೆಯ ಬೀಗದ ಕೈಗೊಂಚಲು.

"ತಟ್ಬೇಡಪ್ಪಾ! ಅಲ್ಲಾಡ್ಬೇಡ!"

ಹೆದರಿದಾಗ ಅಪ್ಪನ ಬಾಯಲ್ಲಿ ತೆಲುಗೇ ಬರುವುದು. "ಏಮಯಿಂದಿ ತಲ್ಲಿ?" ಎಂದು, ಏನಾಯಿತೋ ತಿಳಿಯದೆ ಕೇಳಿದ.

ಅವಳು ಎರಡೇ ಬೆರಳಿನಲ್ಲಿ ಬ್ಯಾಟರಿಯನ್ನು ಎತ್ತಿದಳು. ಬಿಸಿಯಾಗಿತ್ತು. ಅದು ಅಪ್ಪನ ಎದೆಯ ಬಿಸಿಯೋ, ಅದರದೇ ಬಿಸಿಯೋ ತಿಳಿಯಲಿಲ್ಲ. ಅಲುಗಿಸದಂತೆ ಹೊರಗೆ ನಡೆದು, ಉತ್ತು ಬಿಟ್ಟ ಹೊಲದ ತುದಿಗೆ ಎಸೆದಳು.

ನೆಲಕ್ಕೆ ಬಿದ್ದದ್ದು ಸುಮ್ಮನಿತ್ತು. ಆಮೇಲೆ ಬುಸ್ಸೆಂದಿತು. ಬಿಳಿ ಹೊಗೆ, ಅದರ ಹಿಂದೆಯೇ ಸೊಂಟದೆತ್ತರದ ಉರಿ. ಬೈಕಿನ ಹತ್ತಿರ ನಿಂತಿದ್ದ ಚಂದ್ರು ಎರಡು ಹೆಜ್ಜೆ ಹಿಂದೆ ಸರಿದ.

ಉರಿ ಆರುವವರೆಗೂ ಅಪ್ಪನ ಕೈ ಜೇಬಿನ ಮೇಲೇ ಇತ್ತು. ಬೈದಿದ್ದರೂ, ಎರಡು ಬಾರಿಸಿದ್ದರೂ ಸುನಂದ ತಡೆದುಕೊಳ್ಳುತ್ತಿದ್ದಳು.

"ಜೇಬಲ್ಲಿ ಇಟ್ಕೋಬೋದು ಅಂತ ನೀನೇ ಅಲ್ವೇನಮ್ಮಾ ಹೇಳಿದ್ದು?" ಎಂದು ಮೆಲ್ಲಗೆ ಕೇಳಿ, ಕಾಲು ತೊಳೆದುಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಒಳಗೆ ಹೋದ.